ವಾಪಸ್ ಬಾರದ ಮೂರನೆಯ ಮಗ್

ಆ ಮನೆಯ ಸೊಸೆಗೆ ಒಂದು ಚಾಳಿ ಇತ್ತು. ತಾನು ಮಾಡಿ ಕಳಿಸಿದ ಮಗ್ ಯಾರ ಮನೆ ಸೇರಿತು, ಯಾವ ಮೇಜಿನ ಮೇಲೆ ಕೂತಿತು, ಅದರಲ್ಲಿ ಯಾರು ಏನು ಕುಡಿಯುತ್ತಾರೆ ಎಂದು ಯೋಚಿಸದೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಆನ್‌ಲೈನ್ ಅಂಗಡಿ ಎಂದರೆ ಗಿರಾಕಿಯ ಮುಖ ಕಾಣದ ವ್ಯಾಪಾರ. ಆರ್ಡರ್ ಬರುತ್ತದೆ, ಮಗ್ ಮೇಲೆ ಬರೆಯಬೇಕಾದ ಮಾತು ಬರುತ್ತದೆ, ವಿಳಾಸ ಬರುತ್ತದೆ. ಪಾರ್ಸೆಲ್ ಹೊರಟಿತೋ, ಅಲ್ಲಿಗೆ ಮುಗಿಯಿತು. ಬೇರೆಯವರಾದರೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಇವಳು ಮಾತ್ರ ‘ಲೆಕ್ಕ ತಪ್ಪಿದರೂ ಸಿಟ್ಟಾಗದ ಮೇಷ್ಟರಿಗೆ’ ಎಂದು ಬರೆಸಿದವರು ಯಾರು, ಆ ಮೇಷ್ಟರು ನಿಜವಾಗಿಯೂ ಸಿಟ್ಟಾಗುವುದಿಲ್ಲವೇ ಎಂದು ಪಾತ್ರೆ ತೊಳೆಯುತ್ತಾ ತಲೆ ಕೆಡಿಸಿಕೊಳ್ಳುವವಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ, “ನೀನು ಮಗ್ ಮಾರ್ತೀಯೋ, ಪತ್ತೇದಾರಿ ಮಾಡ್ತೀಯೋ?” ಎಂದು ರೇಗಿಸುತ್ತಿದ್ದ.

ಅಂಗಡಿ ಎಂದರೆ ಮನೆಯ ಹಿಂದಿನ ಕೋಣೆ. ಕಿಟಕಿಯ ಪಕ್ಕ ಕಂಪ್ಯೂಟರು, ಅದರ ಮಗ್ಗುಲಿಗೆ ಪ್ರಿಂಟರು, ಮೂಲೆಯಲ್ಲಿ ಮಗ್ ಅನ್ನು ತಬ್ಬಿಕೊಂಡು ಬಿಸಿ ಕೊಡುವ ಒಂದು ಗಿಡ್ಡ ಯಂತ್ರ. ಗೋಡೆಯುದ್ದಕ್ಕೂ ಬಿಳಿ ಮಗ್‌ಗಳ ರಟ್ಟಿನ ಪೆಟ್ಟಿಗೆಗಳು. ಕಾಲಿಟ್ಟಲ್ಲೆಲ್ಲ ಪ್ಯಾಕಿಂಗ್ ಟೇಪಿನ ತುಂಡು ಅಂಟಿಕೊಳ್ಳುತ್ತಿತ್ತು. ಆ ಕೋಣೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿ ಮಾವನದು.

ಮಾವ ನಲವತ್ತು ವರ್ಷ ರಬ್ಬರ್ ಸ್ಟ್ಯಾಂಪ್ ಕೆತ್ತಿದವರು. ಕಚೇರಿಗಳ ಬೀದಿಯಲ್ಲಿ, ಒಂದು ಹಳೆಯ ಪ್ರೆಸ್ಸಿನ ಗೋಡೆಗೆ ಅಂಟಿಕೊಂಡಂತೆ, ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕಾದಂಥ ಅಂಗಡಿ ಅವರದು. ಸ್ಟ್ಯಾಂಪಿನ ಅಕ್ಷರವನ್ನು ಉಲ್ಟಾ ಕೆತ್ತಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ಒತ್ತಿದಾಗ ಅದು ನೇರವಾಗಿ ಮೂಡುತ್ತದೆ. ಹಾಗೆ ಬಲದಿಂದ ಎಡಕ್ಕೆ ಕೆತ್ತಿ ಕೆತ್ತಿ ಅವರಿಗೆ ಉಲ್ಟಾ ಅಕ್ಷರವೂ ನೇರ ಅಕ್ಷರದಷ್ಟೇ ಸಲೀಸಾಗಿತ್ತು. ಆದರೆ ಕಚೇರಿಗಳೆಲ್ಲ ಕಂಪ್ಯೂಟರಿಗೆ ಇಳಿದ ಮೇಲೆ ಸ್ಟ್ಯಾಂಪ್ ಕೇಳುವವರಿಲ್ಲದೆ ಅಂಗಡಿ ಮುಚ್ಚಿದರು. ಒಂದು ವರ್ಷ ಮನೆಯಲ್ಲಿ ಕೂತು, ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದರು. ಅದೂ ಬ್ಯಾಟರಿ ಗಡಿಯಾರ ಬಂದ ಮೇಲೆ ಹೋಯಿತು.

ಅವರನ್ನು ಹಿಂದಿನ ಕೋಣೆಗೆ ಕರೆದವಳು ಸೊಸೆ. ಮಗ್ ಕೆಲಸದಲ್ಲೂ ಉಲ್ಟಾ ಅಕ್ಷರದ್ದೇ ಕಾರುಬಾರು. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ‘ಉಲ್ಟಾ’ ಎಂಬ ಚೌಕಕ್ಕೆ ಟಿಕ್ ಹಾಕಿ, ಕಾಗದದ ಮೇಲೆ ಮುದ್ರಿಸಬೇಕು. ಆ ಕಾಗದವನ್ನು ಮಗ್‌ಗೆ ಸುತ್ತಿ ಬಿಸಿ ಕೊಟ್ಟರೆ ಬಣ್ಣ ಮಗ್‌ಗೆ ಹತ್ತಿ ಅಕ್ಷರ ನೇರವಾಗುತ್ತದೆ. ಉಲ್ಟಾ ಕಾಗದವನ್ನು ಓದಿ ತಪ್ಪು ಹಿಡಿಯಲು ಸೊಸೆಗೆ ಕನ್ನಡಿ ಬೇಕಿತ್ತು. ಮಾವನಿಗೆ ಕನ್ನಡಕ ಸಾಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಡುಗೆಮನೆಯಿಂದ ಹಿಂದಿನ ಕೋಣೆಗೆ ಹನ್ನೆರಡು ಹೆಜ್ಜೆ ನಡೆದು, “ಆಫೀಸಿಗೆ ಬಂದೆ ಕಣಮ್ಮ” ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಒಂದೇ ಒಂದು ತಪ್ಪೂ ಅವರ ಕಣ್ಣು ತಪ್ಪಿಸಿ ಹೋಗಿರಲಿಲ್ಲ.

ಹಾಗೆ ತಪ್ಪು ಹೋದದ್ದು ಸೊಸೆಯ ತಾಯಿಗೆ ಮಂಡಿಯ ಆಪರೇಷನ್ ಆದ ವಾರ. ಅವಳು ಗಡಿಬಿಡಿಯಲ್ಲಿ ಮೂರು ಆರ್ಡರಿನ ಕಾಗದ ಮುದ್ರಿಸಿ, ಮಾವನ ಕೈಗಿಟ್ಟು ತವರಿಗೆ ಓಡಿದಳು. ಮಾವ ಕಾಗದ ಓದಿದರು, ಯಂತ್ರದಲ್ಲಿಟ್ಟು ಒತ್ತಿದರು, ಮಗ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿ ಪ್ಯಾಕ್ ಮಾಡಿ ಕಳಿಸಿದರು. ಅವಳು ಮರಳಿ ಬಂದ ಮೇಲೆ ಎರಡು ಮಗ್ ವಾಪಸ್ ಬಂದವು. ಅಕ್ಷರಗಳೆಲ್ಲ ಉಲ್ಟಾ. ಒಂದರ ಜೊತೆ ಚೀಟಿಯೂ ಇತ್ತು: ‘ಇದು ಯಾವ ಭಾಷೆ ಅಂತ ತಿಳಿಸಿದರೆ ಕಲಿಯಲು ಪ್ರಯತ್ನಿಸುತ್ತೇವೆ.’

ಸೊಸೆ ಕಂಪ್ಯೂಟರ್ ತೆರೆದು ನೋಡಿದಳು. ಮೂರು ಡಿಸೈನಿಗೂ ಉಲ್ಟಾ ಚೌಕ ಖಾಲಿ. ತವರಿಗೆ ಹೊರಡುವ ಅವಸರದಲ್ಲಿ ಅವಳೇ ಟಿಕ್ ಹಾಕಿರಲಿಲ್ಲ. ಕಾಗದ ನೇರವಾಗಿ ಬಂದಿತ್ತು, ಆದ್ದರಿಂದ ಮಗ್ ಉಲ್ಟಾ ಆಗಿತ್ತು.

ಅಷ್ಟರಲ್ಲಿ ಗಂಡ ಬಂದು ಮಗ್ ಕೈಗೆತ್ತಿಕೊಂಡ. “ಅಪ್ಪನ ಕಣ್ಣು ಪೂರ್ತಿ ಹೋಗಿದೆ ಕಣೇ. ಇಷ್ಟು ದಪ್ಪ ಅಕ್ಷರ ಉಲ್ಟಾ ಇರೋದು ಕಾಣಲಿಲ್ಲ ಅಂದ್ರೆ! ಇನ್ನು ಈ ಕೆಲಸ ಬಿಡಿಸಿಬಿಡು.”

ಬಾಗಿಲಲ್ಲಿ ಮಾವ ನಿಂತಿದ್ದರು. ಒಳಗೆ ಬಂದು ಮಗನ ಕೈಯಿಂದ ಮಗ್ ತೆಗೆದುಕೊಂಡರು.

“ಸರಿಯಾಗೇ ಇದೆಯಲ್ಲೋ. ‘ನಮ್ಮ ಮನೆಯ ಮೊದಲ ಡ್ರೈವರಮ್ಮನಿಗೆ.’ ಏನು ತಪ್ಪಿದೆ?”

ಮಗ ಅವರನ್ನು ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿದ. “ಕನ್ನಡಿಯಲ್ಲಿ ನೋಡಿ. ಈಗ ನನಗೂ ಓದೋಕೆ ಬರುತ್ತೆ.”

ಮಾವ ಕನ್ನಡಿ ನೋಡಿದರು, ಮಗ್ ನೋಡಿದರು, ಮತ್ತೆ ಕನ್ನಡಿ ನೋಡಿದರು. ಮುಖ ಸಪ್ಪಗಾಯಿತು. ಕನ್ನಡಕ ತೆಗೆದು ಅದರ ಡಬ್ಬಿಯಲ್ಲಿಟ್ಟು ಟಪ್ ಎಂದು ಮುಚ್ಚಿದರು. ಮರುದಿನ ಒಂಬತ್ತು ಹೊಡೆದರೂ ಆಫೀಸಿಗೆ ಬರಲಿಲ್ಲ.

ಸೊಸೆ ಆ ಖಾಲಿ ಚೌಕದ ಬಗ್ಗೆ ಬಾಯಿ ಬಿಡಲಿಲ್ಲ. ಕೆಟ್ಟವಳೆಂದಲ್ಲ, ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು. ನಾಳೆ ಬಂದಾಗ ಅದಕ್ಕೂ ಒಂದು ನಾಳೆ ಇತ್ತು. ಪಡಸಾಲೆಯಲ್ಲಿ ಸುಕ್ಕು ಅಂಗಿಯಲ್ಲಿ ಕೂತ ಮಾವನನ್ನು ದಾಟಿ ಹೋಗುವಾಗೆಲ್ಲ ಅವಳ ಕಾಲು ಬೇಗ ಬೇಗ ನಡೆಯುತ್ತಿತ್ತು. ಎರಡು ಮಗ್ ಹೊಸದಾಗಿ ಮಾಡಿ ಕಳಿಸಿದಳು. ಮೂರನೆಯದಕ್ಕೆ ಕಾದಳು. ಅದು ವಾಪಸ್ ಬರಲಿಲ್ಲ, ದೂರೂ ಬರಲಿಲ್ಲ.

ಮೂರನೆಯ ಮಗ್ ಮೇಲಿದ್ದ ಮಾತು ಅವಳಿಗೆ ನೆನಪಿತ್ತು: ‘ಅಪ್ಪನ ಚಹಾ. ಬೇರೆಯವರು ಮುಟ್ಟಿದರೆ ಜಗಳ.’

ಎಂಟನೆಯ ದಿನ ಆ ಗಿರಾಕಿಯಿಂದ ಅಂಗಡಿಯ ಪುಟಕ್ಕೆ ಐದು ನಕ್ಷತ್ರ ಬಿದ್ದವು. ಒಂದು ಮಾತೂ ಇಲ್ಲ, ಬರೀ ಫೋಟೋ. ಕಿಟಕಿಯ ಹತ್ತಿರದ ಮೇಜು, ಅದರ ಮೇಲೆ ಮಗ್. ಮಗ್ ತಲೆಕೆಳಗಾಗಿ ಕೂತಿತ್ತು. ಚಹಾ ಕುಡಿಯುವ ವಸ್ತುವನ್ನು ಯಾರಾದರೂ ತಲೆಕೆಳಗು ಮಾಡಿ, ಅದರ ಫೋಟೋ ತೆಗೆದು, ಐದು ನಕ್ಷತ್ರ ಕೊಡುತ್ತಾರೆಯೇ? ಸೊಸೆ ಫೋನನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು, ತನ್ನ ಕತ್ತನ್ನೂ ತಿರುಗಿಸಿದಳು. ಅನ್ನದ ಪಾತ್ರೆ ಸೀದುಹೋಯಿತು.

ಮರುದಿನ ಅದೇ ಗಿರಾಕಿಯಿಂದ ಇನ್ನೊಂದು ಆರ್ಡರ್. ಬರೆಯಬೇಕಾದ ಮಾತು: ‘ಕಿಟಕಿ ತೆಗೆಯಲಾ, ಮುಚ್ಚಲಾ?’ ಕೆಳಗೆ ಸೂಚನೆ: ‘ಮೊದಲಿನ ಹಾಗೇ ಬರಲಿ. ದಯವಿಟ್ಟು ಸರಿ ಮಾಡಬೇಡಿ.’

“ಕಳ್ಳರ ಗುಂಪಿರಬೇಕು,” ಎಂದ ಗಂಡ, ಊಟದ ತಟ್ಟೆಯಿಂದ ತಲೆ ಎತ್ತದೆ. “ಕಿಟಕಿ ತೆಗೆಯಲಾ ಅಂತೆ. ಗುಟ್ಟಿನ ಭಾಷೆ ಅದು.”

“ಕಳ್ಳರು ಐದು ನಕ್ಷತ್ರ ಕೊಡ್ತಾರೇನ್ರೀ?”

“ಮರ್ಯಾದಸ್ಥ ಕಳ್ಳರು.”

ಮಾವ ಮೊದಲಾಗಿದ್ದರೆ ಇಂಥ ಮಾತಿಗೆ ಒಂದು ಮಾತು ಸೇರಿಸುತ್ತಿದ್ದರು. ಈಗ ಮೊಸರು ಕಲಸಿಕೊಂಡು ಸುಮ್ಮನೆ ಊಟ ಮುಗಿಸಿ ಎದ್ದರು.

ಸೊಸೆ ಟಿಕ್ ಹಾಕದೆ, ಈ ಸಲ ಬೇಕೆಂದೇ ಹಾಕದೆ, ಮಗ್ ಮಾಡಿ ಕಳಿಸಿದಳು. ಆರು ದಿನ ಕಳೆದು ಮತ್ತೊಂದು ಆರ್ಡರ್ ಬಂತು, ಅದೇ ಸೂಚನೆ. ಬರೆಯಬೇಕಾದ ಮಾತು ಈ ಸಲ ಮೂರೇ ಪದ: ‘ನನ್ನ ಮೇಲೆ ಕೋಪವಾ?’

ಅದನ್ನು ಓದಿ ಅವಳಿಗೆ ನಗು ಬರಲಿಲ್ಲ. ಯಾರೋ ಯಾರನ್ನೋ ನಿಜವಾಗಿ ಕೇಳುತ್ತಿರುವ ಮಾತದು. ಇನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ. ‘ಮೊದಲ ಮಗ್ ಉಲ್ಟಾ ಬಂದದ್ದು ನಮ್ಮ ತಪ್ಪಿನಿಂದ. ನಿಮಗೆ ಅದೇ ಯಾಕೆ ಬೇಕು ಅಂತ ಕೇಳಿದರೆ ತಪ್ಪು ತಿಳಿಯಬೇಡಿ’ ಎಂದು ಗಿರಾಕಿಗೆ ಸಂದೇಶ ಬರೆದಳು. ‘ನಮ್ಮ ತಪ್ಪಿನಿಂದ’ ಎಂದು ಒತ್ತುವಾಗ ಬೆರಳು ನಿಂತಿತು. ಮುಖ ಕಾಣದ ಗಿರಾಕಿಗೆ ಒಪ್ಪಿಕೊಂಡದ್ದನ್ನು ಪಡಸಾಲೆಯಲ್ಲಿ ಕೂತಿರುವ ಮನುಷ್ಯನಿಗೆ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಫೋನ್ ಹಿಡಿದುಕೊಂಡೇ ಎದ್ದು ಹೋದಳು.

“ಮಾವ, ಆವತ್ತು ಕಾಗದ ಕೆಡಿಸಿದ್ದು ನಾನು. ಉಲ್ಟಾ ಮಾಡೋಕೆ ಮರೆತಿದ್ದೆ. ಮೊದಲ ದಿನವೇ ಗೊತ್ತಾಯ್ತು, ಹೇಳಲಿಲ್ಲ. ಇಷ್ಟು ದಿನ ನಿಮ್ಮ ಮೇಲೆ ಹಾಕಿ ಸುಮ್ಮನಿದ್ದೆ.”

ಮಾವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ಹೇಳಿದ್ದು ಒಳ್ಳೇದಾಯ್ತು. ಆದರೆ ನನ್ನ ಸಂಕಟ ಅದಲ್ಲಮ್ಮ,” ಎಂದರು. “ಕಾಗದ ಕೆಟ್ಟಿದ್ದು ನಿನ್ನ ಕೈಯಿಂದ. ಆಮೇಲೆ ಮಗ್ ನನ್ನ ಕೈಲಿತ್ತು. ಮೂರನ್ನೂ ಓದಿದೆ, ಮೂರೂ ಸರಿ ಅನ್ನಿಸಿತು. ಯಾವುದು ಉಲ್ಟಾ, ಯಾವುದು ನೇರ ಅಂತ ನನಗೆ ಗೊತ್ತೇ ಆಗಲಿಲ್ಲ. ಅಂಥವನು ಕಾವಲು ಕೂತು ಏನು ಬಂತು?”

“ನಿಮ್ಮ ಸ್ಟ್ಯಾಂಪ್ ಅಂಗಡಿಯಲ್ಲಿ ಹೇಗೆ ಗೊತ್ತಾಗ್ತಿತ್ತು?”

“ಸ್ಟ್ಯಾಂಪಿನ ಹಿಡಿಗೆ ಒಂದು ಗುರುತು ಹಾಕ್ತಿದ್ದೆ. ಯಾವ ಕಡೆ ಮೇಲೆ ಅಂತ ಕೈಗೇ ಗೊತ್ತಾಗಬೇಕು. ಕಣ್ಣನ್ನ ನಂಬೋ ಕೆಲಸ ಅಲ್ಲ ಅದು.”

ಸೊಸೆ ಮಾತು ಬದಲಿಸಲೆಂದು ತಲೆಕೆಳಗಿನ ಮಗ್‌ನ ಫೋಟೋ ತೋರಿಸಿದಳು. ಮಾವ ಬೇಡವೆನ್ನುವಂತೆ ಕೈ ಆಡಿಸಿದರೂ ಕಣ್ಣು ಅತ್ತ ಹೋಯಿತು. ಕೈ ತಾನಾಗಿ ಕನ್ನಡಕದ ಡಬ್ಬಿಯನ್ನು ಹುಡುಕಿತು.

“ಇದನ್ನ ಯಾರು ಹೀಗಿಟ್ಟಿದ್ದು?”

“ಗೊತ್ತಿಲ್ಲ ಮಾವ. ತಲೆ ಕೆರ್ಕೊಂಡು ಸಾಕಾಗಿದೆ.”

“ಇವರು ಪ್ರೆಸ್ಸಿನವರು,” ಎಂದರು ಮಾವ. ಬೆನ್ನು ನೆಟ್ಟಗಾಯಿತು. “ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸೋರು. ಮೊಳೆಯಲ್ಲೂ ಅಕ್ಷರ ಉಲ್ಟಾನೇ ಇರುತ್ತೆ. ನಾನಾದರೆ ಬಲದಿಂದ ಎಡಕ್ಕೆ ಓದ್ತೀನಿ. ಅವರು ಸಾಲನ್ನ ತಲೆಕೆಳಗು ಹಿಡಿದು ಎಡದಿಂದ ಬಲಕ್ಕೆ ಓದ್ತಾರೆ, ಜೋಡಿಸೋದೂ ಹಾಗೇ. ನಮ್ಮ ಅಂಗಡಿ ಗೋಡೆಯಾಚೆ ಇಡೀ ದಿನ ಅದೇ ಕೆಲಸ ನಡೀತಿತ್ತು. ಈ ಮಗ್ ಅವರು ಓದೋ ರೀತಿಯಲ್ಲೇ ಕೂತಿದೆ ನೋಡು.”

ಸಂಜೆ ಗಿರಾಕಿಯ ಉತ್ತರ ಬಂತು. ಉದ್ದವಾಗಿತ್ತು. ಸೊಸೆ ಅದನ್ನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು.

ಆಕೆಯ ತಂದೆ ತಮ್ಮ ಪುಟ್ಟ ಪ್ರೆಸ್ಸಿನಲ್ಲಿ ಮೂವತ್ತೈದು ವರ್ಷ ಮೊಳೆ ಜೋಡಿಸಿದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದ ಮೇಲೆ ಮಾತು ನಿಂತಿತ್ತು. ಯಾರಾದರೂ ಮಾತಾಡಿದರೆ ಅರ್ಥವಾಗುತ್ತಿರಲಿಲ್ಲ, ಪತ್ರಿಕೆ ಕೊಟ್ಟರೆ ಸಿಟ್ಟಿನಿಂದ ಎಸೆಯುತ್ತಿದ್ದರು. ಹುಟ್ಟುಹಬ್ಬಕ್ಕೆಂದು ಮಗಳು ತರಿಸಿದ ಮಗ್ ಉಲ್ಟಾ ಬಂದಾಗ ಅವಳಿಗೆ ಅಳು ಬಂದಿತ್ತು. ವಾಪಸ್ ಕಳಿಸಲು ಪೆಟ್ಟಿಗೆ ಹುಡುಕುವಷ್ಟರಲ್ಲಿ ತಂದೆ ಮಗ್ ಎತ್ತಿಕೊಂಡು, ತಲೆಕೆಳಗು ಮಾಡಿ, ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ ಹೆಬ್ಬೆರಳು ಎಳೆದರು. ಎಂಟು ತಿಂಗಳಿಗೆ ಮೊದಲ ಮಾತು ಬಂತು. ‘ಏನು ಹೇಳಿದರು ಗೊತ್ತಾ?’ ಎಂದು ಬರೆದಿದ್ದಳು ಮಗಳು. ‘ಪದಗಳ ನಡುವೆ ಜಾಗ ಜಾಸ್ತಿಯಾಯ್ತು ಅಂದರು. ಅದಾದ ಮೇಲೆ ಕಿಟಕಿ ತೆಗೆಯಲಾ ಅಂತ ಕೇಳಿದ ಮಗ್ ಕೊಟ್ಟೆ. ತೆಗಿ ಅಂದರು. ಇನ್ನೊಂದು ಪ್ರಶ್ನೆ ಕೇಳೋದಿದೆ, ನಿಮಗೆ ಗೊತ್ತೇ ಇದೆ. ನಾನೇ ಅವರ ಹಳೆಯ ಪ್ರೆಸ್ ಮಾರಿಸಿದವಳು.’

ಸೊಸೆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು. ಮಾವ ಮಾತ್ರ ಹುಬ್ಬು ಗಂಟಿಕ್ಕಿ ಫೋಟೋ ನೋಡುತ್ತಿದ್ದರು.

“ಸರಿಯಾಗೇ ಹೇಳಿದ್ದಾರೆ,” ಎಂದರು. “ಜಾಗ ಜಾಸ್ತಿ. ನಾನು ಅದನ್ನೂ ನೋಡಲಿಲ್ಲ.” ಆಮೇಲೆ, “ಒಂದು ಮಾತು ಕೇಳೋಕೆ ಆ ಹುಡುಗಿ ಮಗ್ ಬರೋವರೆಗೆ ಆರು ದಿನ ಕಾಯಬೇಕಾ? ಕಾಗದ ತಾ, ದಪ್ಪ ಪೆನ್ನು ತಾ.”

ಕಂಪ್ಯೂಟರು ಬೇಕಾಗಲಿಲ್ಲ, ಯಾವ ಚೌಕಕ್ಕೂ ಟಿಕ್ ಬೇಕಾಗಲಿಲ್ಲ. ಬಲ ತುದಿಯಿಂದ ಶುರು ಮಾಡಿ, ಮೂರು ಪದವನ್ನು ಅವರು ಒಂದೇ ಉಸಿರಿಗೆ ಉಲ್ಟಾ ಬರೆದರು. ಜಾಗ ಅಳೆಯಲು ಎರಡು ಸಲ ಪೆನ್ನು ಎತ್ತಿದರು ಅಷ್ಟೇ. ಸೊಸೆ ಫೋಟೋ ತೆಗೆದು ಕಳಿಸಿ, ‘ಮುದ್ರಿಸಿ ತೋರಿಸಿ, ದುಡ್ಡು ಬೇಡ, ಆರ್ಡರ್ ರದ್ದು ಮಾಡಿದ್ದೇವೆ’ ಎಂದು ಬರೆದಳು. ಮುಕ್ಕಾಲು ಗಂಟೆಯ ಮೇಲೆ ಉತ್ತರ ಬಂತು. ಒಂದೇ ಸಾಲು: ‘ಇಲ್ಲ ಅಂದರು. ಎರಡು ಸಲ ಅಂದರು.’

ಅವತ್ತಿನ ಊಟದ ಹೊತ್ತಿಗೆ ಸೊಸೆ ಗಂಡನಿಗೂ ಎಲ್ಲ ಹೇಳಿದಳು.

“ಅಂದ್ರೆ ಅಪ್ಪನ ಕಣ್ಣು?”

“ನಿಮ್ಮಪ್ಪನ ಕಣ್ಣಿಗೇನಾಗಿದೆ. ಕೆಟ್ಟಿದ್ದು ನನ್ನ ಬಾಯಿ. ಹದಿನೈದು ದಿನ ಮುಚ್ಕೊಂಡಿತ್ತು.”

ಗಂಡ ತಂದೆಯ ಕಡೆ ತಿರುಗಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ. ಅವನ ಕ್ಷಮಾಪಣೆ ಅಷ್ಟೇ, ಅವರಿಗೂ ಅಷ್ಟು ಸಾಕಿತ್ತು.

ಅಲ್ಲಿಂದ ಮುಂದೆ ದಿನಕ್ಕೆರಡು ಚೀಟಿ ಹೋಗತೊಡಗಿದವು. ‘ಬೆನ್ನು ನೋಯುತ್ತಾ?’ ‘ಅಣ್ಣನಿಗೆ ಬರಲು ಹೇಳಲಾ?’ ಮಾವ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಆದರೆ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಸೊಸೆ ಅವರ ಸ್ಟ್ಯಾಂಪಿನ ಗುರುತಿನ ಮಾತು ನೆನಪಿಟ್ಟುಕೊಂಡು, ಪ್ರತಿ ಡಿಸೈನಿನ ಎಡ ಅಂಚಿಗೆ, ಮಗ್ ಮೇಲೆ ಬೀಳದ ಹಾಗೆ, ಒಂದು ಕೆಂಪು ಚುಕ್ಕೆ ಸೇರಿಸಿದ್ದಳು. ಟಿಕ್ ಹಾಕಿದ್ದರೆ ಕಾಗದದಲ್ಲಿ ಚುಕ್ಕೆ ಬಲಕ್ಕೆ ಬರಬೇಕು. ಎಡಕ್ಕೇ ಉಳಿದಿದ್ದರೆ ಕಾಗದ ತಪ್ಪು. ಅಕ್ಷರ ಓದುವುದೇ ಬೇಡ.

“ಈಗ ಬನ್ನಿ ಮಾವ,” ಎಂದು ಚುಕ್ಕೆಯ ಲೆಕ್ಕ ಹೇಳಿ ಕರೆದರೆ, “ಬರೆಯೋದು ಬೇರೆ, ನೋಡಿ ಕಳಿಸೋದು ಬೇರೆ. ಒಂದು ಸಲ ಆಗಿದ್ದು ಸಾಕು” ಎನ್ನುತ್ತಿದ್ದರು. ಕುರ್ಚಿಯ ಮೇಲೆ ಪ್ಯಾಕಿಂಗ್ ಕಾಗದ ಬಂದು ಕೂತಿತು. ಸೊಸೆ ಇದನ್ನೂ ಗಿರಾಕಿಗೆ ಬರೆದಳು. ಅಷ್ಟು ಹೊತ್ತಿಗೆ ಆಕೆ ಗಿರಾಕಿಯಾಗಿ ಉಳಿದಿರಲಿಲ್ಲ, ಅಕ್ಕನಾಗಿದ್ದಳು.

ತಿಂಗಳ ಕೊನೆಗೆ ಅಂಗಡಿಯ ಪುಟದಲ್ಲಿ ಆಕೆಯ ಹೆಸರಿನಲ್ಲಿ ಒಂದು ಆರ್ಡರ್ ಬಂತು. ದುಡ್ಡು ಆಗಲೇ ಕೊಟ್ಟಾಗಿತ್ತು. ‘ಮಾತು ಅಪ್ಪನದು, ಅವರು ಹೇಳಿದ ಹಾಗೇ ಬರೆದಿದ್ದೇನೆ. ಉಲ್ಟಾ ಬರಲಿ’ ಎಂದಿತ್ತು ಸೂಚನೆ. ಸೊಸೆ ವಿಳಾಸ ನೋಡಿದಳು, ಮತ್ತೊಮ್ಮೆ ನೋಡಿದಳು. ತಮ್ಮದೇ ಮನೆಯ ವಿಳಾಸ.

ಟಿಕ್ ತೆಗೆದು ಮುದ್ರಿಸಿದಳು. ಪದಗಳ ನಡುವಿನ ಜಾಗವನ್ನು ಮೂರು ಸಲ ಅಳೆದಳು. ಮಗ್ ಒತ್ತಿ, ಆರಿಸಿ, ಬೇರೆಲ್ಲ ಪಾರ್ಸೆಲ್‌ಗಳ ಹಾಗೆ ಪ್ಯಾಕ್ ಮಾಡಿ, ವಿಳಾಸದ ಚೀಟಿ ಅಂಟಿಸಿ, ಬೆಳಗಿನ ಚಹಾದ ಹೊತ್ತಿಗೆ ಮಾವನ ಮುಂದಿಟ್ಟಳು.

ಮಾವ ಟೇಪ್ ಬಿಡಿಸಿ ಮಗ್ ಹೊರತೆಗೆದರು. ಕಣ್ಣು ಬಲದಿಂದ ಎಡಕ್ಕೆ ಹೋಯಿತು.

‘ಜಾಗ ಈಗ ಸರಿಯಾಗಿದೆ. ಕೆಲಸ ಬಿಡಬೇಡಿ.’

“ಏನು ಬರೆದಿದೆ ಅಪ್ಪಾ? ಓದೋಕಾಗ್ತಿಲ್ಲ,” ಎಂದು ಮಗ ಬಗ್ಗಿ ನೋಡಿದ.

“ನಿನಗೆ ಬರೆದಿದ್ದಲ್ಲ ಅದು,” ಎಂದರು ಮಾವ. ಮಗ್ ಅನ್ನು ಪಂಚೆಯ ತುದಿಯಿಂದ ಒರೆಸಿದರು, ಅದರಲ್ಲಿ ಧೂಳೇನೂ ಇರಲಿಲ್ಲ. ಎದ್ದು ಕೋಣೆಗೆ ಹೋದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹನ್ನೆರಡು ಹೆಜ್ಜೆ ನಡೆದು, ಕುರ್ಚಿಯ ಮೇಲಿನ ಪ್ಯಾಕಿಂಗ್ ಕಾಗದವನ್ನು ನೆಲಕ್ಕೆ ಸರಿಸಿ ಕೂತರು. ಕನ್ನಡಕದ ಡಬ್ಬಿ ಟಪ್ ಎಂದು ತೆರೆಯಿತು.

“ಇವತ್ತಿನ ಕಾಗದ ಎಲ್ಲಮ್ಮ?”

ಸೊಸೆ ಬೆಳಿಗ್ಗೆ ಮುದ್ರಿಸಿಟ್ಟಿದ್ದ ನಾಲ್ಕು ಹಾಳೆಗಳನ್ನು ಕೊಟ್ಟಳು. ಮಾವ ಅಕ್ಷರ ಓದಲಿಲ್ಲ. ಮೊದಲು ಅಂಚು ನೋಡಿದರು.

“ಚುಕ್ಕೆ ಬಲಕ್ಕೆ ಬರಬೇಕು ಅಂತ ನೀನೇ ಅಂದಿದ್ದೆ, ಅಲ್ವಾ?”

“ಹೌದು ಮಾವ.”

“ನಾಲ್ಕರಲ್ಲೂ ಎಡಕ್ಕೇ ಇದೆಯಲ್ಲ.”

ಸೊಸೆ ನಾಲಿಗೆ ಕಚ್ಚಿಕೊಂಡಳು. ಮಾವನ ಮಗ್‌ಗೆಂದು ತೆಗೆದ ಟಿಕ್ ಮತ್ತೆ ಹಾಕಲು ಮರೆತೇಹೋಗಿತ್ತು. ಮಾವ ನಾಲ್ಕು ಹಾಳೆಗಳನ್ನೂ ಅವಳ ಕೈಗೆ ವಾಪಸ್ ಕೊಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.